ರೀಸೆಟ್‌ಗೆ ಒಂದು ಮ್ಯೂಟೆಕ್ಸ್ ಸಾಕಾ?

ಪ್ರಶ್ನೆ: ಕಲಿಯೋಣ ಅಂತ ಆರ್‌ಕೆ3399 ಬೋರ್ಡಿನ ಮಾಲಿ ಜಿಪಿಯುಗೆ ಲಿನಕ್ಸ್ ಡ್ರೈವರ್ ಬರೆಯುತ್ತಿದ್ದೇನೆ. ಜಿಪಿಯು ಹ್ಯಾಂಗ್ ಆದರೆ ಟೈಮ್‌ಔಟ್ ಆಗಿ ರೀಸೆಟ್ ಆಗಬೇಕು. ರೀಸೆಟ್ ಕೋಡ್ ಮ್ಯೂಟೆಕ್ಸ್ (ಒಮ್ಮೆಗೆ ಒಬ್ಬರನ್ನೇ ಒಳಬಿಡುವ ಬೀಗ) ಹಿಡಿದು ಸಿಂಕ್ರೊನೈಸ್_ಐಆರ್‌ಕ್ಯೂ (ಜಿಪಿಯು ಕಳಿಸುವ ಇಂಟರಪ್ಟ್ ಸಂಕೇತಕ್ಕೆ ಓಡುವ ಹ್ಯಾಂಡ್ಲರ್ ಮುಗಿಯುವ ತನಕ ಕಾಯುವ ಫಂಕ್ಷನ್) ಕರೆಯುತ್ತದೆ. ಆ ಹ್ಯಾಂಡ್ಲರ್ ಓಡುವ ಇಂಟರಪ್ಟ್ ಥ್ರೆಡ್ ಕೂಡ ಅದೇ ಮ್ಯೂಟೆಕ್ಸ್ ಹಿಡಿಯುತ್ತದೆ. ಆದರೂ ಕೆಲವು ಸಲ ಎರಡೆರಡು ರೀಸೆಟ್, ಕೆಲವು ಸಲ ರೀಸೆಟ್ ಅರ್ಧಕ್ಕೇ ನಿಂತುಬಿಡುತ್ತದೆ. ಏನು ಮಾಡಲಿ?
— ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ಎರಡೂ ಆ ಮ್ಯೂಟೆಕ್ಸ್‌ನದೇ ಕಿತಾಪತಿ ಮಾರಾಯ್ರೆ.

ಮಾಲಿಯಲ್ಲಿ ಪಿಕ್ಸೆಲ್ ಕೆಲಸಕ್ಕೆ ಸ್ಲಾಟ್ 0, ವರ್ಟೆಕ್ಸ್ ಕೆಲಸಕ್ಕೆ ಸ್ಲಾಟ್ 1. ಜಿಪಿಯು ಕೈಕೊಟ್ಟರೆ ಎರಡರ ಟೈಮರ್‌ಗಳೂ ಹೆಚ್ಚುಕಡಿಮೆ ಒಟ್ಟಿಗೇ ಮುಗಿಯಬಹುದು. ಮ್ಯೂಟೆಕ್ಸ್ ಎರಡನೆಯವನನ್ನು ಬಾಗಿಲಲ್ಲಿ ಕಾಯಿಸುತ್ತದೆ, ವಾಪಸ್ ಕಳಿಸುವುದಿಲ್ಲ. ಮೊದಲನೆಯವನು ಹೊರಬಂದ ಕೂಡಲೇ ಇವನು ನುಗ್ಗಿ, ಆಗಷ್ಟೇ ಸುಧಾರಿಸಿಕೊಂಡ ಜಿಪಿಯುವನ್ನು ಮತ್ತೆ ಕೆಡವುತ್ತಾನೆ. ಮಾಲಿಗೆಂದೇ ಲಿನಕ್ಸ್‌ನಲ್ಲಿರುವ ಪ್ಯಾನ್‌ಫ್ರಾಸ್ಟ್ ಡ್ರೈವರ್‌ನವರು 2021ರಲ್ಲಿ ಎಲ್ಲ ಸ್ಲಾಟ್‌ಗಳ ಟೈಮ್‌ಔಟ್‌ಗೂ ಒಂದೇ ಆರ್ಡರ್ಡ್ ವರ್ಕ್‌ಕ್ಯೂ ಕೊಟ್ಟರು. ಅದರಲ್ಲಿ ಒಂದು ಸಲಕ್ಕೆ ಒಂದೇ ಕೆಲಸ ಓಡುತ್ತದೆ. ರೀಸೆಟ್ ಶುರುವಾದಾಗ ಎಲ್ಲ ಶೆಡ್ಯೂಲರ್‌ಗಳನ್ನೂ (ಸ್ಲಾಟ್‌ಗಳಿಗೆ ಕೆಲಸ ಹಂಚುವವು) ನಿಲ್ಲಿಸಿ, ಬಾಕಿ ಟೈಮ್‌ಔಟ್‌ಗಳನ್ನು ರದ್ದು ಮಾಡುತ್ತಾರೆ. ನೀವೂ ಹಾಗೇ ಮಾಡಿ.

ಇನ್ನು ಅರ್ಧಕ್ಕೆ ನಿಲ್ಲುವುದು. ಥ್ರೆಡ್ ಮುಗಿಯಲಿ ಅಂತ ರೀಸೆಟ್ ಕಾಯುತ್ತದೆ, ಮ್ಯೂಟೆಕ್ಸ್ ಸಿಗಲಿ ಅಂತ ಥ್ರೆಡ್ ಕಾಯುತ್ತದೆ. ಹಾಗಂತ ಸಿಂಕ್ರೊನೈಸ್ ಸಾಲನ್ನು ಅಳಿಸಬೇಡಿ. ಇಂಟರಪ್ಟ್ ಮಾಸ್ಕ್ ಮಾಡಿದರೆ ಹೊಸದು ಬರುವುದಿಲ್ಲ, ಸರಿ. ಬೇರೆ ಕೋರ್‌ನಲ್ಲಿ ಆಗಲೇ ಓಡುತ್ತಿರುವ ಹ್ಯಾಂಡ್ಲರ್ ಅದರಿಂದ ನಿಲ್ಲುತ್ತದಾ? ತೆಗೆಯಬೇಕಾದ್ದು ಮ್ಯೂಟೆಕ್ಸ್. ಶೆಡ್ಯೂಲರ್ ನಿಲ್ಲಿಸಿ, ಮಾಸ್ಕ್ ಮಾಡಿ, ಹ್ಯಾಂಡ್ಲರ್ ಮುಗಿಯುವ ತನಕ ಕಾಯಿರಿ. ಆಮೇಲಷ್ಟೇ ರೀಸೆಟ್ ರಿಜಿಸ್ಟರ್ ಮುಟ್ಟಿ.

ನೀವು ಕೇಳದ ಮೂರನೆಯದೊಂದಿದೆ. ನನಗಂತೂ ಅದೇ ಜಾಸ್ತಿ ಕಾಟ ಕೊಡುವ ಪೈಕಿ ಅನಿಸುತ್ತದೆ. ಪ್ಯಾನ್‌ಫ್ರಾಸ್ಟ್‌ನಲ್ಲಿ ಟೈಮ್‌ಔಟ್ 500 ಮಿಲಿಸೆಕೆಂಡ್. ಜಿಪಿಯು ಕೆಲಸ ಮುಗಿಸಿರುತ್ತದೆ, ಆದರೆ ಇನ್ಯಾವುದೋ ಇಂಟರಪ್ಟ್ ಸಿಪಿಯುವನ್ನು ಹಿಡಿದಿಟ್ಟುಕೊಂಡು ಸುದ್ದಿ ತಡವಾಗುತ್ತದೆ. ಲಾಗ್‌ನಲ್ಲಿ ‘ಜಿಪಿಯು ಸ್ಕೆಡ್ ಟೈಮ್‌ಔಟ್, ಜೆಎಸ್=1’ (ಅಂದರೆ ಸ್ಲಾಟ್ 1) ಅಂತ ಬೀಳುತ್ತದೆ. ಜಿಪಿಯು ಮಾತ್ರ ಗಟ್ಟಿಮುಟ್ಟಾಗಿದೆ! ಅದಕ್ಕೇ ಟೈಮ್‌ಔಟ್ ಹ್ಯಾಂಡ್ಲರ್‌ನ ಮೊದಲ ಸಾಲಲ್ಲೇ ಜಾಬ್‌ನ ಫೆನ್ಸ್ (ಕೆಲಸ ಮುಗಿದಾಗ ಸಿಗ್ನಲ್ ಆಗುವ ಗುರುತು) ನೋಡಿ. ಸಿಗ್ನಲ್ ಆಗಿಲ್ಲವಾ? ಇಂಟರಪ್ಟ್ ಸಿಂಕ್ರೊನೈಸ್ ಮಾಡಿ ಇನ್ನೊಂದು ಸಲ ನೋಡಿ. ಆಗಿದ್ದರೆ ಸುಮ್ನೆ ವಾಪಸ್ ಬನ್ನಿ, ರೀಸೆಟ್ ಬೇಡ. ಟೈಮ್‌ಔಟನ್ನೇ ಎರಡು ಸೆಕೆಂಡ್ ಮಾಡಿ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ರೇಸ್ (ಯಾವುದು ಮೊದಲು ಅನ್ನುವ ಪೈಪೋಟಿ) ಅಲ್ಲೇ ಇರುತ್ತದೆ, ಕಾಣಿಸಿಕೊಳ್ಳುವುದು ಕಮ್ಮಿಯಾಗುತ್ತದೆ ಅಷ್ಟೇ.

ಹಾಂ, ರೀಸೆಟ್ ದಾರಿಯಲ್ಲಿ ಜಿಎಫ್‌ಪಿ_ಕರ್ನಲ್ (ಮೆಮೊರಿ ಸಿಗುವ ತನಕ ಕಾಯಲು ಬಿಡುವ ಫ್ಲ್ಯಾಗ್) ಹಾಕಿ ಮೆಮೊರಿ ಕೇಳಬೇಡಿ. ಮೆಮೊರಿ ಸಾಲದೇ ಹೋದರೆ ಕರ್ನಲ್ ನಿಮ್ಮದೇ ಫೆನ್ಸ್‌ಗಾಗಿ ಕಾಯುತ್ತ ಕೂರಬಹುದು.