ಅಪ್ಪನ ಗೊರಕೆಯಿಂದ ಶುರುಮಾಡಿ

ನಮಸ್ಕಾರ,

ಸ್ಲೀಪ್ ಆಪ್ನಿಯಾದಲ್ಲಿ, ಅಂದರೆ ನಿದ್ದೆಯಲ್ಲಿ ಉಸಿರು ಮತ್ತೆ ಮತ್ತೆ ನಿಲ್ಲುವ ಕಾಯಿಲೆಯಲ್ಲಿ, ನೈಟ್ರಿಕ್ ಆಕ್ಸೈಡ್ ಅನ್ನುವ ಅನಿಲದ ಪಾತ್ರದ ಬಗ್ಗೆ ಮಂಡ್ಯದಿಂದ ನೀವು ಕಳಿಸಿದ ಲೇಖನ ಎರಡು ಸಲ ಓದಿದೆ. ಒಂದು ಸಲ ಇಲ್ಲಿ ಮೈಸೂರಿನ ಕಚೇರಿಯಲ್ಲಿ, ಇನ್ನೊಂದು ಸಲ ರಾತ್ರಿ ಮನೆಯಲ್ಲಿ. ಈಗಿರುವ ಹಾಗೆ ನಮ್ಮ ಪತ್ರಿಕೆಯಲ್ಲಿ ಹಾಕಲು ಆಗುವುದಿಲ್ಲ. ಹಾಗಂತ ಬಿಟ್ಟುಬಿಡಲೂ ಮನಸ್ಸು ಬರುತ್ತಿಲ್ಲ.

ಈ ಅನಿಲ ದೇಹದಲ್ಲಿ ಮಾಡುವ ಕೆಲಸ ಕಂಡುಹಿಡಿದವರಿಗೆ ಬಂದ 1998ರ ನೊಬೆಲ್‌ನಿಂದ ನೀವು ಶುರುಮಾಡಿದ್ದೀರಿ. ಫರ್ಚ್‌ಗಾಟ್, ಇಗ್ನಾರೊ, ಮುರಾದ್, ಎಲ್ಲ ಸರಿಯೇ. ಆದರೆ ನಿಮ್ಮ ತಂದೆ ಬರುವುದು ನಾಲ್ಕನೇ ಪುಟದಲ್ಲಿ! ಆಲೆಮನೆಯಲ್ಲಿ ಕೊಪ್ಪರಿಗೆ ಮುಂದೆ ದುಡಿದು ಬಂದು ಜಗಲಿ ಮೇಲೆ ಮಲಗುತ್ತಾರೆ, ಗೊರಕೆ ಪಕ್ಕದ ಮನೆಗೂ ಕೇಳುತ್ತದೆ, ಇದ್ದಕ್ಕಿದ್ದ ಹಾಗೆ ನಿಂತುಬಿಡುತ್ತದೆ. ಆಗ ನಿಮ್ಮ ತಾಯಿ ಕತ್ತಲಲ್ಲೇ ಎದ್ದು ಕೂತು ಅವರ ಮೂಗಿನ ಹತ್ತಿರ ಅಂಗೈ ಹಿಡಿದು ಒಂದು, ಎರಡು, ಮೂರು ಅಂತ ಎಣಿಸುತ್ತಾರೆ. ಹೊಟ್ಟೆ ಏಳುತ್ತಾ ಇಳಿಯುತ್ತಾ ಇರುತ್ತದೆ, ಅಂಗೈಗೆ ಮಾತ್ರ ಗಾಳಿ ತಾಕುವುದಿಲ್ಲ. ಇಡೀ ಲೇಖನದ ಜೀವ ಇಲ್ಲಿದೆ. ವೈದ್ಯರು ಅಬ್‌ಸ್ಟ್ರಕ್ಟಿವ್, ಅಂದರೆ ದಾರಿ ಕಟ್ಟಿದ ಆಪ್ನಿಯಾ ಅನ್ನುವುದು ಇದನ್ನೇ ಅಲ್ವಾ? ಎದೆ, ಹೊಟ್ಟೆ ಉಸಿರೆಳೆಯಲು ಒದ್ದಾಡುತ್ತಿವೆ, ಗಂಟಲು ಮುಚ್ಚಿಕೊಂಡಿದೆ. ಹೀಗೆ 10 ಸೆಕೆಂಡಾದರೂ ಉಸಿರು ನಿಂತರೆ ವೈದ್ಯರು ಅದನ್ನು ಒಂದು ಆಪ್ನಿಯಾ ಅಂತ ಲೆಕ್ಕ ಹಾಕುತ್ತಾರೆ. ನಿಮ್ಮ ತಾಯಿ ಮಾಡುತ್ತಿದ್ದ ಲೆಕ್ಕವೂ ಅದೇ. ದಯವಿಟ್ಟು ಅವರನ್ನು ಮೊದಲ ಸಾಲಿಗೆ ತನ್ನಿ.

ಇನ್ನು ಭಾಷೆ. ‘ರಕ್ತನಾಳ ವಿಕಸನಕಾರಕ’ ಅಂತ ಬರೆದರೆ ಯಾರು ಓದುತ್ತಾರೆ? ನೀವು ನಾಲೆ ಬಯಲಿನವರು, ಗದ್ದೆಗಳಿಗೆ ನೀರು ಬಿಡುವ ನೀರುಗಂಟಿಯನ್ನು ಯಾಕೆ ಕರೆಯಲಿಲ್ಲ? ರಕ್ತನಾಳದ ಒಳಪದರ ಆರ್ಜಿನಿನ್ ಅನ್ನುವ ಅಮೈನೋ ಆಮ್ಲ ಮತ್ತು ಆಮ್ಲಜನಕದಿಂದ ನೈಟ್ರಿಕ್ ಆಕ್ಸೈಡ್ ತಯಾರಿಸುತ್ತದೆ. ಅದು ಪಕ್ಕದ ಸ್ನಾಯುವಿಗೆ ಹೋಗಿ ಸಡಿಲಾಗು ಅನ್ನುತ್ತದೆ, ತೂಬು ಎತ್ತಿದ ಹಾಗೆ ರಕ್ತ ಸಲೀಸಾಗಿ ಹರಿಯುತ್ತದೆ. ಆಪ್ನಿಯಾ ಇದ್ದವರಲ್ಲಿ ರಾತ್ರಿಯಿಡೀ ಆಮ್ಲಜನಕ ಇಳಿದು ಏರಿ, ಇಳಿದು ಏರಿ, ಸೂಪರ್ ಆಕ್ಸೈಡ್ ಅನ್ನುವ ಪುಂಡ ಕಣ ಜಾಸ್ತಿಯಾಗುತ್ತದೆ, ಅದು ನೈಟ್ರಿಕ್ ಆಕ್ಸೈಡನ್ನು ದಾರಿಯಲ್ಲೇ ಹಿಡಿದು ಪೆರಾಕ್ಸಿನೈಟ್ರೈಟ್ ಅನ್ನುವ ಬೇರೆಯೇ ವಸ್ತು ಆಗಿಬಿಡುತ್ತದೆ. ನೀರುಗಂಟಿ ತೂಬಿನ ಹತ್ತಿರ ಹೋಗಲೇ ಇಲ್ಲ. ನಾಳ ಬಿಗಿಯಾಗಿಯೇ ಉಳಿಯುತ್ತದೆ. ಬಿಪಿ ಏರುವುದಕ್ಕೆ ಇದೂ ಒಂದು ಕಾರಣ. ಇಷ್ಟನ್ನು ನಿಧಾನವಾಗಿ, ಒಂದು ಪುಟ ತೆಗೆದುಕೊಂಡು ಬರೆಯಿರಿ.

ಎರಡನೇ ಪುಟದಲ್ಲಿ ನೈಟ್ರಿಕ್ ಆಕ್ಸೈಡನ್ನು ನಗೆ ಅನಿಲ ಅಂದಿದ್ದೀರಿ. ತಪ್ಪು. ನಗೆ ಅನಿಲ ಅಂದರೆ ನೈಟ್ರಸ್ ಆಕ್ಸೈಡ್, ಬೇರೆಯೇ.

ಕೊನೆಯ ಪುಟದ ಬಗ್ಗೆ ನನಗೆ ನಿಜವಾಗಿ ಭಯವಾಯಿತು. ಗುನುಗುವ ಪ್ರಾಣಾಯಾಮ ಭ್ರಾಮರಿ ಮಾಡಿ, ಬೀಟ್‌ರೂಟ್ ರಸ ಕುಡಿಯಿರಿ, ನೈಟ್ರಿಕ್ ಆಕ್ಸೈಡ್ ಹೆಚ್ಚಿ ಆಪ್ನಿಯಾ ವಾಸಿಯಾಗುತ್ತದೆ, ನಿದ್ದೆಯಲ್ಲಿ ಗಾಳಿ ಊದುವ ಯಂತ್ರದ ಮಾಸ್ಕ್ ಬೇಡ ಅಂದಿದ್ದೀರಿ. ಬಾಯಿ ಮುಚ್ಚಿ ಗುನುಗಿದರೆ ಮೂಗಿನ ಗಾಳಿಯಲ್ಲಿ ಈ ಅನಿಲ ಸುಮಾರು 15 ಪಟ್ಟು ಹೆಚ್ಚುತ್ತದೆ ಅಂತ 2002ರಲ್ಲಿ ಸ್ವೀಡನ್ನಿನ ಸಂಶೋಧಕರು ತೋರಿಸಿದ್ದು ನಿಜ. ಆದರೆ ಅದು ಮೂಗಿನ ಅಕ್ಕಪಕ್ಕದ ಸೈನಸ್‌ಗಳಿಂದ ಬಂದದ್ದು. ನಡುರಾತ್ರಿ ಕುಸಿದ ಗಂಟಲನ್ನು ಅದು ಎತ್ತಿ ಹಿಡಿಯುವುದಿಲ್ಲ. ಎತ್ತಿ ಹಿಡಿಯುವುದು ಆ ಮಾಸ್ಕ್ ಮೂಲಕ ಸಿಪ್ಯಾಪ್ ಅನ್ನುವ ಯಂತ್ರ ಒತ್ತಡದಲ್ಲಿ ಊದುವ ಗಾಳಿ, 1981ರಲ್ಲಿ ಆಸ್ಟ್ರೇಲಿಯಾದ ವೈದ್ಯ ಕಾಲಿನ್ ಸಲಿವನ್ ಪ್ರಕಟಿಸಿದ ಚಿಕಿತ್ಸೆ. ಅದನ್ನು ಹಾಕಿಕೊಂಡ ಮೇಲೆ ರೋಗಿಗಳ ರಕ್ತದಲ್ಲಿ ಕಡಿಮೆಯಿದ್ದ ನೈಟ್ರಿಕ್ ಆಕ್ಸೈಡ್‌ನ ಗುರುತುಗಳು ಮತ್ತೆ ಏರಿದ್ದನ್ನೂ ಅಧ್ಯಯನಗಳು ಕಂಡಿವೆ. ನಿಮ್ಮ ವಾದಕ್ಕೆ ಬಲ ಬರುವುದೇ ಇಲ್ಲಿಂದ, ನೀವು ಅದನ್ನೇ ಬಿಟ್ಟಿದ್ದೀರಿ. ನಮ್ಮ ಪತ್ರಿಕೆ ಓದಿ ಒಬ್ಬರೇ ಒಬ್ಬರು ಮಾಸ್ಕ್ ತೆಗೆದಿಟ್ಟರೂ ನನಗೆ ನಿದ್ದೆ ಬರುವುದಿಲ್ಲ. ಆ ಪುಟ ಪೂರ್ತಿ ತೆಗೆಯಿರಿ.

ಒಂದು ವಿಷಯ ನೀವು ಎಲ್ಲೂ ಬರೆದಿಲ್ಲ. ತಂದೆಯವರಿಗೆ ನಿದ್ದೆಯ ಪರೀಕ್ಷೆ ಆಯಿತಾ? ಇದನ್ನು ಲೇಖನಕ್ಕೆ ಅಂತ ಕೇಳುತ್ತಿಲ್ಲ. ಆಗಿಲ್ಲ ಅಂದರೆ ತಿದ್ದುವ ಕೆಲಸ ಹದಿನೈದು ದಿನ ತಡವಾಗಲಿ ಪರವಾಗಿಲ್ಲ, ಮೊದಲು ಅವರನ್ನು ಮೈಸೂರಿಗೆ ಕರೆದುಕೊಂಡು ಬನ್ನಿ. ತಾಯಿಯವರೂ ಜೊತೆಗಿರಲಿ. ರಾತ್ರಿ ಏನಾಗುತ್ತದೆ ಅಂತ ಡಾಕ್ಟರಿಗೆ ಹೇಳಲು ಅವರೇ ಬೇಕು.