ಸ್ವೀಡನ್ನಿನ ಮೊದಲ ಆರು ಕಾರ್ಲ್ ದೊರೆಗಳು ಎಲ್ಲಿ?

ಪ್ರಶ್ನೆ: ಸ್ವೀಡನ್ನಿನ ಈಗಿನ ದೊರೆ 16ನೇ ಕಾರ್ಲ್ ಗುಸ್ತಾಫ್. ವಂಶಾವಳಿ ಬರೆಯಲು ಕೂತರೆ 1ರಿಂದ 6ನೇ ಕಾರ್ಲ್‌ವರೆಗಿನವರ ಬಗ್ಗೆ ಒಂದೊಂದು ಕಡೆ ಒಂದೊಂದು ಇಸವಿ ಸಿಗುತ್ತದೆ. ಯಾವುದನ್ನು ನಂಬಲಿ?

ಯಾವುದನ್ನೂ ನಂಬಬೇಡಿ. ಆ ಆರು ಜನ ಆಳಿಯೇ ಇಲ್ಲ. ಇಲ್ಲದ ರಾಜರಿಗೆ ಇಸವಿ ಹಚ್ಚಿ ಪಟ್ಟಿ ಮಾಡುವವರು ಇರುವತನಕ ಈ ಪ್ರಶ್ನೆ ಬರುತ್ತಲೇ ಇರುತ್ತದೆ, ಹಾಗಾಗಿ ಒಮ್ಮೆ ವಿವರವಾಗಿ ಹೇಳಿಬಿಡುತ್ತೇನೆ.

ಈ ಎಣಿಕೆಯ ಬೇರು ಯೊಹಾನೆಸ್ ಮಾಗ್ನುಸ್ ಎಂಬ ಉಪ್ಸಾಲಾದ ಆರ್ಚ್‌ಬಿಷಪ್ಪರಲ್ಲಿದೆ. ಸ್ವೀಡನ್ನಿನ ಅಂದಿನ ದೊರೆ ಗುಸ್ತಾವ್ ವಾಸಾ ರೋಮಿನ ಚರ್ಚಿನಿಂದ ದೂರ ಸರಿಯುತ್ತಿದ್ದಾಗ ಪೋಲೆಂಡಿಗೆ ಹೋದ ಮಾಗ್ನುಸ್ ಮತ್ತೆ ತಾಯ್ನಾಡಿಗೆ ಬರಲಿಲ್ಲ. 1544ರಲ್ಲಿ ರೋಮಿನಲ್ಲಿ ತೀರಿಕೊಂಡರು. ಅವರು ಬರೆದಿಟ್ಟ ರಾಜರ ಇತಿಹಾಸವನ್ನು ತಮ್ಮ ಓಲಾಸ್ 1554ರಲ್ಲಿ ಅಚ್ಚು ಹಾಕಿಸಿದರು. ಅದರಲ್ಲಿ ವಂಶ ಶುರುವಾಗುವುದು ಬೈಬಲಿನ ನೋಹನ ಮೊಮ್ಮಗ ಮಾಗೋಗನಿಂದ. ನಡುವಿನ ಶತಮಾನಗಳಿಗೆ ಕಾರ್ಲ್, ಎರಿಕ್ ಎಂದು ಹೆಸರು ಕಟ್ಟಿ ತುಂಬಿಸಲಾಗಿದೆ. ವಾಸಾ ಮನೆತನಕ್ಕೆ ಇದು ಅನುಕೂಲವೇ ಆಯಿತು. ಗುಸ್ತಾವ್ ರಾಜನಾಗಿ ಆಯ್ಕೆಯಾದದ್ದು 1523ರಲ್ಲಿ, ಪಟ್ಟ ವಂಶಪಾರಂಪರ್ಯವಾದದ್ದು 1544ರಲ್ಲಿ. ಹೊಸ ಮನೆತನಕ್ಕೆ ಹಳೆಯ ಬೇರು ಬೇಕಿತ್ತು. ಆ ಪಟ್ಟಿಯ ಲೆಕ್ಕ ಹಿಡಿದೇ 1560ರಲ್ಲಿ ಪಟ್ಟಕ್ಕೆ ಬಂದ ಮಗ 14ನೇ ಎರಿಕ್ ಆದ, 1604ರಲ್ಲಿ ಇನ್ನೊಬ್ಬ ಮಗ 9ನೇ ಕಾರ್ಲ್ ಆದ.

ನೀವೇ ಎಣಿಸಿ ನೋಡಿ. ದಾಖಲೆಯಲ್ಲಿ ಸಿಗುವ ಮೊದಲ ಕಾರ್ಲ್ ಎಂದರೆ ಸ್ವೆರ್ಕರ್‌ನ ಮಗ, 1167ರಲ್ಲಿ ವೆಟ್ಟರ್ನ್ ಸರೋವರದ ವಿಸಿಂಗ್ಸೊ ದ್ವೀಪದಲ್ಲಿ ಕೊಲೆಯಾದವನು. ಅವನೇ ‘7ನೇ’ ಕಾರ್ಲ್. ಮೂರು ಸಲ ಪಟ್ಟವೇರಿ 1470ರಲ್ಲಿ ಸತ್ತ ಕಾರ್ಲ್ ಕ್ನುಟ್ಸನ್ 8ನೆಯವನು. ಅವನ ಕಾಲದಲ್ಲಿ ಅವನು ಎರಡನೇ ಕಾರ್ಲ್ ಮಾತ್ರ. 9ರಿಂದ 16ರವರೆಗೆ ಎಲ್ಲರೂ ನಿಜ. ಒಟ್ಟು ಹತ್ತು ಜನ. ಎರಿಕ್‌ಗಳಿಗೆ ಹೀಗೆ ಸಲೀಸಾಗಿ ಕಳೆಯುವ ಲೆಕ್ಕ ಹಾಕಬೇಡಿ. 11ನೇ ಶತಮಾನದ ದಾಖಲೆ ತೀರಾ ತೆಳು, ಒಬ್ಬಿಬ್ಬರು ಇದ್ದರೋ ಇಲ್ಲವೋ ಎಂಬ ವಾದವೇ ಇನ್ನೂ ಮುಗಿದಿಲ್ಲ.

ವಂಶಾವಳಿ ಬರೆಯುವವರು ಮುಗ್ಗರಿಸುವ ಇನ್ನೊಂದು ಜಾಗವಿದೆ. ಒಬ್ಬನೇ ದೊರೆಗೆ ದೇಶಕ್ಕೊಂದು ಸಂಖ್ಯೆ. ಡೆನ್ಮಾರ್ಕ್, ನಾರ್ವೆ, ಸ್ವೀಡನ್ ಒಬ್ಬನೇ ದೊರೆಯ ಕೆಳಗಿದ್ದ ಕಾಲ್ಮಾರ್ ಒಕ್ಕೂಟವನ್ನು ಆಳಿದ ಪೊಮೆರೇನಿಯಾದ ಎರಿಕ್ ನಾರ್ವೆಗೆ 3ನೆಯವನು, ಡೆನ್ಮಾರ್ಕಿಗೆ 7, ಸ್ವೀಡನ್ನಿಗೆ 13. ಸ್ವೀಡನ್ನಿನ 14ನೇ ಕಾರ್ಲ್ ಯೋಹಾನ್ ನಾರ್ವೆಯಲ್ಲಿ 3ನೇ ಕಾರ್ಲ್. ಸಂಖ್ಯೆ ನೋಡಿ ಬರೆದರೆ ಒಬ್ಬ ಮೂವರಾಗುತ್ತಾನೆ. ಆದ್ದರಿಂದ ಮೊದಲು ಹೆಸರು, ಆಮೇಲೆ ತಂದೆಯ ಹೆಸರು, ಆಳಿದ ಇಸವಿ, ಕೊನೆಗೆ ದೇಶದ ಜೊತೆ ಸಂಖ್ಯೆ ಬರೆಯಿರಿ. ತಂದೆ, ಇಸವಿ ಎರಡೂ ಹೊಂದಿದರೆ ಅವನು ಒಬ್ಬನೇ.

ಪ್ರಶ್ನೆ: ಈಗಿನ ಸ್ವೀಡನ್ ರಾಜಮನೆತನ ವೈಕಿಂಗರ ನೇರ ಗಂಡುಸಂತತಿಯೇ?

ಅಲ್ಲ. ಈಗ ಆಳುವ ಬೆರ್ನಡೊಟ್ ಮನೆತನದ ಮೂಲಪುರುಷ, ಮೇಲೆ ಹೇಳಿದ 14ನೇ ಕಾರ್ಲ್ ಯೋಹಾನ್, ಫ್ರಾನ್ಸಿನ ಪೋ ಊರಿನವನು, ನೆಪೋಲಿಯನ್ನನ ಮಾರ್ಷಲ್. 1810ರಲ್ಲಿ ಸ್ವೀಡನ್ನಿನ ಯುವರಾಜನಾಗಿ ಆಯ್ಕೆಯಾದ. ಅವನ ಮೈಮೇಲೆ ‘ರಾಜರಿಗೆ ಸಾವು’ ಎಂಬ ಹಚ್ಚೆಯಿತ್ತು ಎಂಬ ಕಥೆಗೆ ಆಧಾರವಿಲ್ಲ, ದಯವಿಟ್ಟು ಹರಡಬೇಡಿ.

ಪ್ರಶ್ನೆ: ಡಿಎನ್‌ಎ ಪರೀಕ್ಷೆ ಮಾಡಿ ‘ವೈಕಿಂಗ್ ರಾಜರಕ್ತ’ದ ಪ್ರಮಾಣಪತ್ರ ಕೊಡುತ್ತಾರಂತೆ, ನಂಬಬಹುದೇ?

ದುಡ್ಡು ದಂಡ. ಎಂಜಲಿನ ಪರೀಕ್ಷೆ ಪೂರ್ವಜರ ಪ್ರದೇಶವನ್ನು ಅಂದಾಜು ಮಾಡಬಲ್ಲದು, ಸಿಂಹಾಸನವನ್ನಲ್ಲ. ಹಾಗೆಂದು ಮಾರುವವರದು ಶುದ್ಧ ಮೋಸ.

ಪ್ರಶ್ನೆ: ಹಿರಿಯ ಮಗುವಿಗೇ ಪಟ್ಟ ಎಂದಾದರೆ ನಾರ್ವೆಯಲ್ಲಿ ಅಕ್ಕನನ್ನು ಬಿಟ್ಟು ತಮ್ಮ ಹೋಕನ್ ಯುವರಾಜನಾದದ್ದು ಹೇಗೆ?

ಸ್ವೀಡನ್ನಿನ ಕಾನೂನನ್ನು ನಾರ್ವೆಗೆ ಹಚ್ಚಿದರೆ ಹೀಗೇ ಆಗುತ್ತದೆ. ಸ್ವೀಡನ್ನಿನಲ್ಲಿ 1979ರ ಮೇ ತಿಂಗಳಲ್ಲಿ ಹುಟ್ಟಿದ ಕಾರ್ಲ್ ಫಿಲಿಪ್ ಯುವರಾಜನಾಗಿದ್ದ; 1980ರ ಜನವರಿ 1ರಂದು ಹೊಸ ಕಾನೂನು ಜಾರಿಯಾಗಿ ಆ ಸ್ಥಾನ ಅಕ್ಕ ವಿಕ್ಟೋರಿಯಾಗೆ ಹೋಯಿತು. ನಾರ್ವೆ 1990ರಲ್ಲಿ ತಿದ್ದುಪಡಿ ಮಾಡಿದಾಗ ಹಿರಿತನದ ಹಕ್ಕನ್ನು ಆಮೇಲೆ ಹುಟ್ಟುವವರಿಗಷ್ಟೇ ಪೂರ್ತಿ ಕೊಟ್ಟಿತು. 1973ರಲ್ಲಿ ಹುಟ್ಟಿದ ಹೋಕನ್ 1971ರ ಮಾರ್ಥಾ ಲೂಯಿಸ್‌ಗಿಂತ ಮುಂದೆಯೇ ಉಳಿದರು.