ಸಿಡ್ನಿಯಲ್ಲಿ ಜೇಡದ ಭಯ: ಸಂಪಾದಕರ ಉತ್ತರ

ಪತ್ರದ ಸಾರ: ಉದ್ಯೋಗನಿಮಿತ್ತ ಕಳೆದ ವರ್ಷ ಸಿಡ್ನಿಗೆ ಬಂದಿದ್ದೇನೆ. ಚಿಕ್ಕಂದಿನಿಂದಲೂ ಜೇಡ ಕಂಡರೆ ನನಗೆ ವಿಪರೀತ ಭಯ. ಇಲ್ಲಿ ಒಂದು ರಾತ್ರಿ ಮಲಗುವ ಕೋಣೆಯ ಗೋಡೆಯ ಮೇಲೆ ಅಂಗೈ ಅಗಲದ ಜೇಡವನ್ನು ಕಂಡಂದಿನಿಂದ ದೀಪ ಆರಿಸಿ ಮಲಗಲು ಆಗುತ್ತಿಲ್ಲ. ಹಾಸಿಗೆ, ಬೂಟು, ಟವೆಲ್ಲುಗಳನ್ನು ಮತ್ತೆ ಮತ್ತೆ ಕೊಡವಿ ನೋಡುತ್ತೇನೆ. ಜೊತೆಯಲ್ಲಿರುವ ಗೆಳತಿ ಮೊದಲು ನಗುತ್ತಿದ್ದಳು, ಈಗ ರೇಗುತ್ತಾಳೆ. ಇದು ಹುಚ್ಚೇ? ಕೆಲಸ ಬಿಟ್ಟು ಹಿಂದಿರುಗಿಬಿಡಲೇ?

ಪ್ರಿಯ ಓದುಗರೇ,

ಇದು ಹುಚ್ಚಲ್ಲ. ಒಂದು ನಿರ್ದಿಷ್ಟ ಜೀವಿಯ ಬಗ್ಗೆ ಮಿತಿಮೀರಿದ ಭಯವನ್ನು ವೈದ್ಯರು ಫೋಬಿಯಾ ಎಂದು ಗುರುತಿಸುತ್ತಾರೆ. ಅದು ಬಹಳ ಜನರಲ್ಲಿರುವಂಥದ್ದು, ಚಿಕಿತ್ಸೆಗೆ ಚೆನ್ನಾಗಿ ಬಗ್ಗುವಂಥದ್ದು. ಆದರೆ ನಿಮ್ಮ ಪತ್ರದಲ್ಲಿ ಎರಡು ಬೇರೆ ಬೇರೆ ಸಂಗತಿಗಳು ಹೆಣೆದುಕೊಂಡಿವೆ. ಸಿಡ್ನಿಯಲ್ಲಿ ಅಪಾಯಕಾರಿ ಜೇಡಗಳು ಇರುವುದು ನಿಜ. ನಿಮ್ಮ ನಿದ್ದೆ ಕೆಡಿಸಿರುವುದು ಮಾತ್ರ ಅವುಗಳಲ್ಲ. ಇವೆರಡನ್ನೂ ಬಿಡಿಸಿ ನೋಡದೆ ನಿಮ್ಮ ಎರಡನೆಯ ಪ್ರಶ್ನೆಗೆ ಉತ್ತರಿಸಲಾಗದು.

ನೀವು ವರ್ಣಿಸಿರುವ ಜೇಡ, ಅದರ ಗಾತ್ರ ಮತ್ತು ಅದು ಗೋಡೆಗೆ ಅಂಟಿಕೊಂಡಿದ್ದ ರೀತಿಯನ್ನು ನೋಡಿದರೆ, ಬಹುಮಟ್ಟಿಗೆ ಹಂಟ್ಸ್‌ಮನ್ ಜಾತಿಯದೇ ಇರಬೇಕು. ಚಪ್ಪಟೆ ದೇಹದ, ಏಡಿಯಂತೆ ಕಾಲುಗಳನ್ನು ಪಕ್ಕಕ್ಕೆ ಚಾಚಿಕೊಂಡಿರುವ ಈ ಜೇಡ ಮರದ ತೊಗಟೆಯ ಸಂದಿನಲ್ಲಿ ಬದುಕುವಂಥದ್ದು. ಆದ್ದರಿಂದಲೇ ಬಾಗಿಲಿನ ಕೆಳಗಿನ ಸಣ್ಣ ಸಂದಿನಿಂದಲೂ ಸರಾಗವಾಗಿ ಒಳಕ್ಕೆ ಬರುತ್ತದೆ. ಬೇಟೆಗಾಗಿ ಬಲೆ ಹೆಣೆಯದೆ, ರಾತ್ರಿಹೊತ್ತು ಓಡಾಡಿ ಜಿರಲೆಗಳನ್ನೂ ಇತರ ಕೀಟಗಳನ್ನೂ ಹಿಡಿದು ತಿನ್ನುತ್ತದೆ. ಕಚ್ಚಿದರೆ ನೋವು, ಊತ ಬರಬಹುದೇ ಹೊರತು ಪ್ರಾಣಕ್ಕೆ ಅಪಾಯವಿಲ್ಲ. ಇದರಿಂದ ನಿಜವಾದ ಅಪಾಯ ಒದಗುವುದು ಕಾರಿನಲ್ಲಿ: ಚಾಲಕನ ತಲೆಯ ಮೇಲಿನ ಸನ್‌ವೈಸರನ್ನು ಕೆಳಗಿಳಿಸಿದಾಗ ಅದರ ಹಿಂದೆ ಕುಳಿತಿದ್ದ ಜೇಡ ಮಡಿಲಿಗೆ ಬಿದ್ದರೆ, ಅಪಘಾತಕ್ಕೆ ಕಾರಣವಾಗುವುದು ಅದರ ಕಡಿತವಲ್ಲ, ಗಾಬರಿಯಲ್ಲಿ ತಿರುಗಿದ ಸ್ಟಿಯರಿಂಗ್. ನೀವು ಕಾರು ಓಡಿಸುವವರಾದರೆ, ಜೇಡ ಕಂಡ ಕೂಡಲೇ ಮಾಡಬೇಕಾದದ್ದು ವೇಗ ತಗ್ಗಿಸಿ ಪಕ್ಕಕ್ಕೆ ನಿಲ್ಲಿಸುವುದು ಎಂಬುದನ್ನು ಈಗಲೇ ಮನಸ್ಸಿಗೆ ತಂದುಕೊಂಡಿರಿ.

ಎಚ್ಚರದಿಂದಿರಬೇಕಾದ ಜೇಡಗಳು ಮುಖ್ಯವಾಗಿ ಎರಡು. ಹೊಳೆಯುವ ಕಪ್ಪು ಮೈಯ ಫನಲ್-ವೆಬ್ ತೇವವಿರುವ ನೆಲದಲ್ಲಿ, ಕಲ್ಲು ಮತ್ತು ಮರದ ದಿಮ್ಮಿಗಳ ಅಡಿಯಲ್ಲಿ ಬಿಲ ಮಾಡಿಕೊಂಡಿರುತ್ತದೆ. ಬೆಚ್ಚನೆಯ ತಿಂಗಳುಗಳಲ್ಲಿ ಗಂಡು ಜೇಡಗಳು ಹೆಣ್ಣನ್ನು ಹುಡುಕುತ್ತಾ ಅಲೆಯುವಾಗ ಮನೆಯೊಳಕ್ಕೂ ಬರಬಹುದು. ನುಣುಪಾದ ಗೋಡೆಯನ್ನು ಹತ್ತುವುದು ಅವಕ್ಕೆ ಕಷ್ಟ. ಈ ಜೇಡದಿಂದ ದಾಖಲಾದ ಸಾವುಗಳು ಒಟ್ಟು 13. 1981ರಲ್ಲಿ ಸ್ಟ್ರುವಾನ್ ಸದರ್‌ಲೆಂಡ್ ಅವರ ತಂಡ ಸಿದ್ಧಪಡಿಸಿದ ಪ್ರತಿವಿಷ ಬಳಕೆಗೆ ಬಂದ ಮೇಲೆ ಒಂದು ಸಾವೂ ಖಚಿತವಾಗಿ ವರದಿಯಾಗಿಲ್ಲ. ಬೆನ್ನ ಮೇಲೆ ಕೆಂಪು ಪಟ್ಟಿಯಿರುವ ರೆಡ್‌ಬ್ಯಾಕ್ ಒಣ ಮೂಲೆಗಳಲ್ಲಿ, ಹೊರಗಿಟ್ಟ ಕುರ್ಚಿಯ ಅಡಿಯಲ್ಲಿ, ಶೆಡ್ಡುಗಳಲ್ಲಿ ಇರುತ್ತದೆ. ಅದಕ್ಕೆ 1956ರಿಂದಲೇ ಪ್ರತಿವಿಷವಿದೆ.

ಇವೆರಡರ ಪ್ರಥಮ ಚಿಕಿತ್ಸೆ ಒಂದೇ ಅಲ್ಲ. ದೊಡ್ಡ ಕಪ್ಪು ಜೇಡ ಕಚ್ಚಿದರೆ ಅದನ್ನು ಫನಲ್-ವೆಬ್ ಎಂದೇ ಭಾವಿಸಿ, ಕಚ್ಚಿದ ಕೈ ಅಥವಾ ಕಾಲಿನುದ್ದಕ್ಕೂ ಅಗಲವಾದ ಕ್ರೇಪ್ ಬ್ಯಾಂಡೇಜನ್ನು ಬಿಗಿಯಾಗಿ ಸುತ್ತಿ, ಅಲುಗಾಡದಂತೆ ಕಟ್ಟಿ, ಆಸ್ಟ್ರೇಲಿಯಾದ ತುರ್ತುಸೇವೆಯ ಸಂಖ್ಯೆಯಾದ 000ಕ್ಕೆ ಕರೆ ಮಾಡಬೇಕು. ರೆಡ್‌ಬ್ಯಾಕ್ ಕಡಿತಕ್ಕೆ ಬಿಗಿಯಾಗಿ ಕಟ್ಟಿದರೆ ನೋವು ಹೆಚ್ಚುತ್ತದೆ. ಅದಕ್ಕೆ ತಣ್ಣನೆಯ ಪಟ್ಟಿಯಿಟ್ಟು ವೈದ್ಯರಲ್ಲಿಗೆ ಹೋಗಬೇಕು. ಬಿಳಿಬಾಲದ ಜೇಡ ಕಚ್ಚಿದರೆ ಮಾಂಸವೇ ಕೊಳೆಯುತ್ತದೆ ಎಂದು ಯಾರಾದರೂ ಹೆದರಿಸಿದರೆ ಕಿವಿಗೊಡಬೇಡಿ: 2003ರಲ್ಲಿ ಪ್ರಕಟವಾದ ಅಧ್ಯಯನವೊಂದು ಖಚಿತಪಟ್ಟ 130 ಕಡಿತಗಳನ್ನು ಪರಿಶೀಲಿಸಿ, ಒಂದರಲ್ಲೂ ಅಂಥ ಹುಣ್ಣು ಕಾಣಲಿಲ್ಲವೆಂದು ತಿಳಿಸಿತು.

ಇಷ್ಟನ್ನು ಓದಿದ ಮೇಲೂ ಈ ರಾತ್ರಿ ನೀವು ದೀಪ ಆರಿಸಲಾರಿರಿ ಎಂಬುದನ್ನು ನಾವು ಬಲ್ಲೆವು. ಹಂಟ್ಸ್‌ಮನ್ ನಿರಪಾಯಕಾರಿ ಎಂಬ ಮಾಹಿತಿಯನ್ನು ನಿಮ್ಮ ಗೆಳತಿ ನಿಮಗೆ ಹಲವು ಸಲ ಕೊಟ್ಟಿರಬೇಕು; ಅದರಿಂದ ಭಯ ಹೋಗಲಿಲ್ಲವೆಂಬುದೇ ಬಹುಶಃ ಅವರ ಸಿಟ್ಟಿಗೆ ಕಾರಣ. ಹೊರಗೆ ಬಿಟ್ಟಿದ್ದ ಬೂಟನ್ನು ಒಮ್ಮೆ ಕೊಡವಿ ಹಾಕಿಕೊಳ್ಳುವುದು ಆ ಊರಿನಲ್ಲಿ ವಿವೇಕ. ಒಳಗಿಟ್ಟ ಬೂಟನ್ನು ಕೊಡವಿ, ಕೆಳಗಿಟ್ಟು, ಅಷ್ಟರಲ್ಲಿ ಏನಾದರೂ ಸೇರಿಕೊಂಡಿತೇನೋ ಎಂದು ಮತ್ತೆ ಕೊಡವುವುದು ಬೇರೆಯದೇ ವ್ಯಾಪಾರ. ಪ್ರತಿಯೊಂದು ಮರುಪರಿಶೀಲನೆ ಅರೆಗಳಿಗೆಯ ನೆಮ್ಮದಿ ಕೊಟ್ಟು, ಪರಿಶೀಲಿಸಿದ್ದರಿಂದಲೇ ಉಳಿದುಕೊಂಡೆ ಎಂಬ ಪಾಠವನ್ನು ಮನಸ್ಸಿಗೆ ಕಲಿಸುತ್ತದೆ. ಭಯ ಬಲಿಯುವುದು ಹೀಗೆ.

ಇದಕ್ಕೆ ಚಿಕಿತ್ಸೆಯೆಂದರೆ ತಪ್ಪಿಸಿಕೊಳ್ಳದೆ, ಆದರೆ ಹಂತಹಂತವಾಗಿ, ಭಯದ ಎದುರು ನಿಲ್ಲುವುದು. ಮೊದಲು ರೇಖಾಚಿತ್ರ, ಆಮೇಲೆ ಛಾಯಾಚಿತ್ರ, ವಿಡಿಯೊ, ಮುಚ್ಚಿದ ಡಬ್ಬಿಯಲ್ಲಿ ದೂರದಿಂದ ಜೀವಂತ ಜೇಡ, ಅನಂತರ ಅದರ ಸಮೀಪ. ಸ್ವೀಡನ್ನಿನ ಮನಃಶಾಸ್ತ್ರಜ್ಞ ಲಾರ್ಸ್-ಗೋರಾನ್ ಓಸ್ಟ್ ಇದನ್ನು ಗರಿಷ್ಠ 3 ಗಂಟೆಗಳ ಒಂದೇ ಬೈಠಕ್ಕಿನಲ್ಲಿ ಮುಗಿಸುವ ವಿಧಾನವನ್ನು 1989ರಲ್ಲಿ ಪ್ರಕಟಿಸಿದರು. ಅದರಲ್ಲಿ ಯಾವ ಹಂತವನ್ನೂ ನಿಮ್ಮ ಒಪ್ಪಿಗೆಯಿಲ್ಲದೆ ಹೇರುವುದಿಲ್ಲ. ಜೇಡ ಏನು ಮಾಡೀತೆಂದು ನಿಮ್ಮಿಂದ ಮೊದಲೇ ಹೇಳಿಸುತ್ತಾರೆ. "ನನ್ನ ಮುಖದ ಮೇಲೆ ಹಾರುತ್ತದೆ" ಎಂದು ನೀವು ಹೇಳಿದ ಮೇಲೆ, ಚಿಕಿತ್ಸಕರು ಅದನ್ನು ಪೆನ್ಸಿಲಿನ ತುದಿಯಿಂದ ಮೆಲ್ಲನೆ ಮುಟ್ಟುತ್ತಾರೆ. ಅದು ನಿಮ್ಮ ವಿರುದ್ಧ ದಿಕ್ಕಿಗೆ ನಾಲ್ಕು ಹೆಜ್ಜೆ ಓಡಿ ಸುಮ್ಮನಾಗುತ್ತದೆ. ಯಾವ ಉಪದೇಶಕ್ಕೂ ಆಗದ ಕೆಲಸವನ್ನು ಈ ನಾಲ್ಕು ಹೆಜ್ಜೆ ಮಾಡಬಲ್ಲವು.

ನಿಮ್ಮ ಕುಟುಂಬ ವೈದ್ಯರಿಂದಲೇ ಆರಂಭಿಸಿ; ಅವರು ಮನಃಶಾಸ್ತ್ರಜ್ಞರ ಬಳಿಗೆ ಕಳುಹಿಸುತ್ತಾರೆ. ಅಲ್ಲಿನ ಸರ್ಕಾರಿ ಆರೋಗ್ಯ ವಿಮೆಯಾದ ಮೆಡಿಕೇರ್ ಇರುವವರಿಗೆ ವರ್ಷಕ್ಕೆ 10 ಭೇಟಿಗಳವರೆಗೆ ರಿಯಾಯಿತಿ ಸಿಗುತ್ತದೆ. ತಾತ್ಕಾಲಿಕ ವೀಸಾದಲ್ಲಿರುವ ಬಹಳಷ್ಟು ಜನ ಖಾಸಗಿ ವಿಮೆಯನ್ನೇ ನೆಚ್ಚಬೇಕಾದ್ದರಿಂದ ನಿಮ್ಮ ಪಾಲಿಸಿಯಲ್ಲಿ ಏನಿದೆಯೆಂದು ಮೊದಲು ಓದಿ ನೋಡಿ.

ಕೆಲಸ ಬಿಡುವ ಮಾತನ್ನು ಚಿಕಿತ್ಸೆ ಮುಗಿಯುವತನಕ ಮುಂದಕ್ಕೆ ಹಾಕಿ. ಹಿಂದಿರುಗಲು ನಿಮಗೆ ಬೇರೆ ಕಾರಣಗಳಿರಬಹುದು, ಅವು ಸರಿಯಾದ ಕಾರಣಗಳೇ ಆಗಿರಬಹುದು. ಆದರೆ ನಿದ್ದೆಗೆಟ್ಟ ತಲೆಯಲ್ಲಿ ಅವನ್ನು ತೂಗಿ ನೋಡುವುದು ಸಾಧ್ಯವಿಲ್ಲ. ಗೆಳತಿಯ ಬಳಿ ಒಂದು ಕರಾರು ಮಾಡಿಕೊಳ್ಳಿ. ಇನ್ನೊಂದು ಹಂಟ್ಸ್‌ಮನ್ ಒಳಗೆ ಬಂದರೆ ಅವರು ಅದರ ಮೇಲೆ ಅಗಲಬಾಯಿಯ ಡಬ್ಬಿ ಕವುಚಿ, ಗೋಡೆಗೂ ಡಬ್ಬಿಗೂ ನಡುವೆ ದಪ್ಪ ಕಾಗದ ತೂರಿಸಿ ಹೊರಗೆ ಬಿಡಲಿ. ನೀವು ಓಡಿಹೋಗದೆ, ಸಾಧ್ಯವಾದಷ್ಟು ಹತ್ತಿರ, ಬಾಗಿಲ ಬಳಿಯಾದರೂ ನಿಂತು ನೋಡಿ. ಅವರು ನಗದಿರುವುದೂ ಕರಾರಿನಲ್ಲಿ ಸೇರಿರಲಿ.

— ಸಂಪಾದಕ